ದೀಪ ಆರುವವರೆಗೆ

ಅಪ್ಪನ ಬುತ್ತಿ ಹಿಡಿದು ನಾನು ಕರೆಂಟ್ ಸ್ಟೇಷನ್ನಿಗೆ ಹೋದಾಗ ಹನ್ನೊಂದು ಗಂಟೆ. ಹೊಸ ಪವರ್‌ಹೌಸಿನಿಂದ ಬಂದ ಲೈನನ್ನು ಮೈಸೂರಿನ ಹಳೆಯ ಲೈನಿಗೆ ಸೇರಿಸುವ ದಿನವದು. ಬಾಗಿಲ ಪಕ್ಕದ ಬೆಂಚಿನಲ್ಲಿ ಸೆರಗು ಹೊದ್ದು ಕುಳಿತೆ.

ಎರಡು ಲೈನುಗಳ ಕರೆಂಟು ಒಂದೇ ಹೆಜ್ಜೆ ಹಾಕುವಾಗ ಮಾತ್ರ ಸೇರಿಸಬೇಕು ಎಂದು ಅಪ್ಪ ಹೇಳಿದ್ದ. ಹೆಜ್ಜೆ ತಿಳಿಯಲು ಗೋಡೆಯ ಮೇಲೆ ಎರಡು ಬಲ್ಬುಗಳನ್ನು ಒಂದರ ಹಿಂದೊಂದು ಒಂದೇ ತಂತಿಯಲ್ಲಿ ಕಟ್ಟಿದ್ದರು. ಹೆಜ್ಜೆ ತಪ್ಪಿದಾಗ ಅವು ಉರಿಯುತ್ತವೆ; ಕೂಡಿ ಬಂದಾಗ ಆರುತ್ತವೆ. ಪೂರ್ತಿ ಆರಿದ ಕ್ಷಣ ಲೈನು ಸೇರಿಸುವ ಸ್ವಿಚ್ಚಿನ ಹಿಡಿ ಎಳೆಯಬೇಕು. ಉರಿಯುವಾಗ ಎಳೆದರೆ ಸ್ವಿಚ್ಚೇ ಸಿಡಿಯುತ್ತದೆ. ಹಿಂದಿನ ವರ್ಷ ಬೇರೆ ಊರಿನಲ್ಲಿ ಚನ್ನಬಸವಯ್ಯ ಎನ್ನುವವರ ಎರಡೂ ಕೈ ಹಾಗೆಯೇ ಹೋಗಿದ್ದವು. ಅವರನ್ನು ನೋಡಿ ಬಂದ ಅಪ್ಪ ಮೂರು ದಿನ ಸರಿಯಾಗಿ ಉಂಡಿರಲಿಲ್ಲ.

ನಾನು ಬಲ್ಬು ನೋಡುತ್ತ ಎಣಿಸುತ್ತಿದ್ದೆ. ಏಳು ಎಣಿಸುವಷ್ಟರಲ್ಲಿ ಬೆಳಕು ಏರುತ್ತಿತ್ತು, ಮತ್ತೆ ಏಳಕ್ಕೆ ಕೆಂಪಾಗಿ ಆರುತ್ತಿತ್ತು. ಅಪ್ಪ ಹಿಡಿಯ ಹತ್ತಿರ ನಿಂತಿದ್ದ. ಇಂಜಿನಿಯರ್ ಗೋವಿಂದರಾಜು ಟೆಲಿಫೋನಿನಲ್ಲಿ ಪವರ್‌ಹೌಸಿನವರ ಜೊತೆ ಮಾತಾಡುತ್ತಿದ್ದರು.

“ಈ ಸಲ ಆರಿದಾಗ ಹಾಕ್ಬಿಡಿ ಜವರಯ್ಯ. ಮಿಲ್ಲಿನವರು ಕರೆಂಟಿಗೆ ಬೆಳಗಿಂದ ಪ್ರಾಣ ತಿಂತಿದಾರೆ,” ಎಂದು ಅಪ್ಪನಿಗೆ ಹೇಳಿದರು.

ಬೆಳಕು ಏರತೊಡಗಿತು. ಬೆವರಿದ ಅಂಗೈಯನ್ನು ಅಂಗಿಗೆ ಒರೆಸಲು ಅಪ್ಪ ತಲೆ ತಗ್ಗಿಸಿದ. ನಾನಿನ್ನೂ ಐದು ಎಣಿಸಿದ್ದೆ. ಎರಡೂ ಬಲ್ಬು ಥಟ್ಟನೆ ಆರಿದವು.

ಗೋವಿಂದರಾಜು ಟೆಲಿಫೋನಿನಿಂದ ತಿರುಗಿದರು. “ಆರಿತು. ಹಾಕಿ.”

ಅಪ್ಪ ತಲೆಯೆತ್ತಿ, ಬಲ್ಬು ಆರಿರುವುದನ್ನು ಕಂಡು, ಹಿಡಿಯನ್ನು ಬಿಗಿಯಾಗಿ ಹಿಡಿದ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಧಿಕಾರಿಗಳು ಹೆಸರು ಕೇಳಿದರೂ ನೆಲ ನೋಡುತ್ತಿದ್ದೆ. ಅಲ್ಲಿ ಹಿಡಿಯ ಮೇಲೆ ಕೈ ಇದ್ದಾಗ ಯಾರೂ ಬಾಯಿ ಬಿಡುವಂತೆಯೂ ಇರಲಿಲ್ಲ. ಎದ್ದು ನಿಂತಾಗ ಮಡಿಲಿನ ಬುತ್ತಿ ಜಾರಿ ಬಿತ್ತು.

“ಬ್ಯಾಡ ಕಣಪ್ಪ.”

ಅಪ್ಪನ ಕೈ ನಿಂತಿತು.

“ಏನ್ರೀ ಜವರಯ್ಯ, ಬುತ್ತಿ ಜೊತೆ ಇನ್ನೊಬ್ಬ ಇಂಜಿನಿಯರನ್ನೂ ತರಿಸ್ಕೊಂಡ್ರಾ? ಹಾಕ್ರೀ,” ಎಂದರು ಗೋವಿಂದರಾಜು.

ಅಪ್ಪ ಅವರ ಕಡೆ ನೋಡಲಿಲ್ಲ. “ಯಾಕ್ ಮಗ?”

“ಕೆಂಪಗೆ ಆಗ್ಲೇ ಇಲ್ಲ. ಏರ್ತಾ ಇದ್ದಂಗೇ ಹೋಗ್ಬುಡ್ತು.”

ಮೂವರೂ ಗೋಡೆ ನೋಡುತ್ತ ನಿಂತೆವು. ನನ್ನ ಎಣಿಕೆ ಏಳಾಯಿತು. ಹದಿನಾಲ್ಕಾಯಿತು. ಬಲ್ಬು ಮತ್ತೆ ಹತ್ತಲೇ ಇಲ್ಲ. ಟೆಲಿಫೋನಿನೊಳಗೆ ಯಾರೋ ಹಲೋ, ಹಲೋ ಎನ್ನುತ್ತಿದ್ದರು.

ಅಪ್ಪ ಹಿಡಿ ಬಿಟ್ಟು, ಒಣಬಟ್ಟೆ ಸುತ್ತಿ ಒಂದು ಬಲ್ಬು ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದ. ಒಳಗೆ ತುಂಡಾದ ತಂತಿ ಕಿಣಿಗುಟ್ಟಿತು. ಒಂದು ಕೆಟ್ಟಿದ್ದರಿಂದ ಎರಡೂ ಆರಿದ್ದವು. ಹೊಸ ಬಲ್ಬು ಕೂರಿಸಿದ್ದೇ ತಡ, ಎರಡೂ ಬಲ್ಬು ಕಣ್ಣು ಕುಕ್ಕುವಂತೆ ಉರಿದವು.

ಗೋವಿಂದರಾಜು ಟೆಲಿಫೋನಿನಲ್ಲಿ ತಾಳಿ ಎಂದು ಹೇಳಿ ನನ್ನ ಕಡೆ ತಿರುಗಿದರು. “ಎಣಿಸಮ್ಮ,” ಎಂದರು.

“ಜೋರಾಗಿ ಮಗ,” ಎಂದ ಅಪ್ಪ.

ಬೆಳಕು ಏರಿ ಇಳಿಯತೊಡಗಿದಾಗ ಎಣಿಸಿದೆ. ಆರಕ್ಕೆ ಕೆಂಪಾಯಿತು. ಏಳು ಎಂದಾಗ ಅಪ್ಪ ಎಳೆದ. ಧಡ್ ಎಂದು ಒಂದೇ ಸದ್ದು; ಲೈನುಗಳು ಸೇರಿದವು. ಚಾವಣಿಯ ದೀಪ ಮಿನುಗಲೂ ಇಲ್ಲ.

ಬುತ್ತಿಯ ಸಾರೆಲ್ಲ ನೆಲದ ಪಾಲಾಗಿತ್ತು. ಬರೀ ಮುದ್ದೆ ಮುರಿಯುತ್ತಿದ್ದ ಅಪ್ಪನ ಕೈಯನ್ನೇ ನೋಡುತ್ತ ಕುಳಿತೆ.