ಒಂಬತ್ತು ಕಡೆ ಧೂಳು

ಹಲ್ಲಿನ ಡಾಕ್ಟರು ಕಟ್ಟುಹಲ್ಲಿಗೆ ಅಚ್ಚು ತೆಗೆಯುವ ಹಿಟ್ಟು ಮೆತ್ತಿದ ತಟ್ಟೆಯನ್ನು ದೊಡ್ಡಮ್ಮನ ಬಾಯಿಗಿಟ್ಟು ಒತ್ತಿ ಹಿಡಿದರು. ಅದು ಗಟ್ಟಿಯಾಗುವವರೆಗೆ ಆಕೆ ನುಂಗುವಂತಿಲ್ಲ, ಉಗುಳುವಂತಿಲ್ಲ, ಮಾತಂತೂ ಇಲ್ಲವೇ ಇಲ್ಲ. ಈ ಹೊತ್ತಿಗೇ ಕಾದಿದ್ದವರಂತೆ ಡಾಕ್ಟರು ಶುರು ಮಾಡಿದರು.

“ನೀವು ಬಾಗಿಲಲ್ಲಿ ನಿಂತು ‘ಕೊಡೆ ಎಲ್ಲಿಡ್ಲಿ’ ಅಂದ್ರಲ್ಲ, ಆಗ್ಲೇ ನನ್ನ ಮೈ ಜುಮ್ ಅಂತು. ನೀವು ಬೂದಿಯಜ್ಜಿ ತಾನೆ? ಸುಳ್ಳು ಹೇಳ್ಬೇಡಿ. ಹೇಳೋಕೂ ಆಗಲ್ಲ ಬಿಡಿ ಈಗ.”

ಹೌದು ಎಂಬಂತೆ ದೊಡ್ಡಮ್ಮ ಕಣ್ಣು ಮುಚ್ಚಿ ತೆರೆದಳು.

‘ಬೂದಿಗುಡ್ಡ’ ಸಮುದ್ರದಾಚೆ ಬರೆದ ಚಿತ್ರಗಳ ಕಥೆ. ಹುಡುಗರು ಅನಿಮೆ ಎನ್ನುತ್ತಾರೆ. ಮಾತಾಡುವ ನರಿಮರಿ, ನಡೆದಾಡುವ ಬೆಟ್ಟಗಳು, ಬೆಂಕಿ ಕಾಯುವ ಬೂದಿಯಜ್ಜಿ. ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಸರಣಿ ಬಂದಿವೆ. ಚಿತ್ರ ಅಲ್ಲಿಂದ ಬರುತ್ತದೆ, ಮಾತನ್ನು ಇಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಸ್ಟುಡಿಯೋದಲ್ಲಿ ತುಂಬುತ್ತಾರೆ. ನಾಲ್ಕರಲ್ಲೂ ಬೂದಿಯಜ್ಜಿಗೆ ದನಿ ಕೊಟ್ಟವಳು ಈಕೆಯೇ. ಸ್ಟುಡಿಯೋದವರು ದೊಡ್ಡಮ್ಮ ಎಂದು ಕರೆದು ಕರೆದು ಈಗ ಹಾಲಿನವನಿಗೂ ಆಕೆ ದೊಡ್ಡಮ್ಮನೇ.

“ನಮ್ಮ ಅಭಿಮಾನಿಗಳ ಗುಂಪಿನಲ್ಲಿ ದಿನಾ ಇದೇ ಜಗಳ,” ಡಾಕ್ಟರ ಹೆಬ್ಬೆರಳು ತಟ್ಟೆಯ ಮೇಲೇ ಇತ್ತು. “ಯಾವ ಸರಣಿ ಮೇಲು ಅಂತ. ನಾಲ್ಕನೇದು ಅಂತಾರೆ ಈಗಿನ ಹುಡುಗರು. ಚಿತ್ರ ಚೆನ್ನಾಗಿದೆ, ಒಪ್ತೀನಿ. ಹುಲ್ಲುಕಡ್ಡಿ ಅಲ್ಲಾಡೋದೂ ಕಾಣುತ್ತೆ. ಆದ್ರೆ ಒಬ್ಬರ ಮಾತು ಇನ್ನೊಬ್ಬರು ಕೇಳಿಸ್ಕೊಂಡ ಹಾಗೇ ಇಲ್ಲ ಅದರಲ್ಲಿ. ಎಲ್ಲರೂ ಗೋಡೆಗೆ ಮಾತಾಡ್ತಾರೆ.”

ಗೋಡೆಗೇ ಮಾತಾಡಿದ್ದು ಕಣಪ್ಪ, ಎಂದುಕೊಂಡಳು ದೊಡ್ಡಮ್ಮ. ನಾಲ್ಕನೆಯದಕ್ಕೆ ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಕೂತು ಮಾತು ಕೊಟ್ಟಿದ್ದರು. ಈಕೆ ಜಗಳವಾಡಿದ್ದು ಕಪ್ಪು ಸ್ಪಂಜು ಮೆತ್ತಿದ ಗೋಡೆಯೊಂದಿಗೆ.

“ಎರಡನೇದರಲ್ಲಿ ಅಜ್ಜಿ ಮಾತು ಮೃದು. ಬೈದ್ರೂ ಬೈದ ಹಾಗಿರಲ್ಲ. ಮೂರನೇದರಲ್ಲಿ ಯಾಕೋ ಬಾವಿಯೊಳಗಿಂದ ಮಾತಾಡಿದ ಹಾಗಿದ್ದೀರಿ ನೀವು. ಅದೂ ಅಲ್ದೆ ನರಿಮರಿ ದನೀನೇ ಬದಲಾಯಿಸಿಬಿಟ್ರು! ಮೊದಲಿನವಳು ಎಷ್ಟು ಚೆನ್ನಾಗಿದ್ಲು. ಆ ದರಿದ್ರದವರಿಗೆ ಏನು ಬಂದಿತ್ತೋ ರೋಗ?”

ದೊಡ್ಡಮ್ಮನ ಕೈ ಕುರ್ಚಿಯ ತೋಳನ್ನು ಹಿಡಿಯಿತು. ರೋಗ ಬಂದದ್ದು ಅವರಿಗಲ್ಲ. ಮೊದಲಿನ ನರಿಮರಿ ಆಕೆಯ ಒಡಹುಟ್ಟಿದ ತಂಗಿ. ಎರಡನೆಯ ಸರಣಿ ಮುಗಿದ ಮೂರೇ ತಿಂಗಳಿಗೆ ಆಸ್ಪತ್ರೆಯ ಮಂಚದ ಮೇಲೆ ಹೋದಳು. ಹೇಳೋಣವೆಂದರೆ ಬಾಯಿತುಂಬ ಹಿಟ್ಟು.

“ನನ್ನ ಕೇಳಿದ್ರೆ ಮೊದಲನೇದೇ ಸೈ,” ಎಂದರು ಡಾಕ್ಟರು. “ಯಾಕೆ ಗೊತ್ತಾ? ಆ ಪಿಸುಮಾತು! ಬೂದಿಯಜ್ಜಿ ಮಾತಿಗೆ ಮುಂಚೆ ಒಳಗಿಂದ ಯಾರೋ ಪಿಸುಗುಟ್ಟಿದ ಹಾಗೆ ಕೇಳುತ್ತೆ. ಒಂಬತ್ತು ಕಡೆ ಇದೆ, ಲೆಕ್ಕ ಹಾಕಿದ್ದೀವಿ. ಅಜ್ಜಿ ಹೊಟ್ಟೆಯೊಳಗೆ ಇನ್ನೊಂದು ಜೀವ ಇದೆ ಅಂತ ನಮ್ಮ ವಾದ. ಈಗ ಮೊದಲನೇದನ್ನ ತೊಳೆದು ಹೊಸದು ಮಾಡಿ ಬಿಡ್ತಾರಂತೆ. ಅದೊಂದು ಉಳಿದ್ರೆ ಸಾಕು. ತಡೀರಿ, ಕೇಳಿಸ್ತೀನಿ.”

ಎಡಗೈಯಲ್ಲೇ ಫೋನು ಒತ್ತಿ, ಹೆಡ್‌ಫೋನನ್ನು ಆಕೆಯ ತಲೆಗೆ ಏರಿಸಿದರು.

ಮೊದಲು ಗಾಳಿಯ ಸದ್ದು. ಆಮೇಲೆ ತೀರಾ ಸಣ್ಣಗೆ, ಬೆನ್ನ ಹಿಂದೆಯೇ ನಿಂತು ಹೇಳಿದಂತೆ: “ಅಕ್ಕಾ, ಉಸಿರು ತಗೋ.”

ಹದಿನೈದು ವರ್ಷವಾಗಿತ್ತು ಆ ದನಿ ಕೇಳಿ. ದೊಡ್ಡಮ್ಮನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಡಾಕ್ಟರು ಗಾಬರಿಯಾದರು. “ಗಂಟಲಿಗೆ ತಾಗ್ತಾ? ಮೂಗಲ್ಲಿ ಉಸಿರಾಡಿ, ಮೂಗಲ್ಲಿ.”

ತಟ್ಟೆ ಹೊರಗೆ ಬಂದಮೇಲೆ ಆಕೆ ಬಾಯಿ ಮುಕ್ಕಳಿಸಿ ಹೇಳಿದ್ದು ಒಂದೇ ಮಾತು. “ಇನ್ನೊಂದ್ಸಲ ಹಾಕಿ ಡಾಕ್ಟ್ರೇ.”

ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ ಆಕೆಗೆ ಎಲ್ಲವೂ ತಾಳೆಯಾಯಿತು. ಸ್ಟುಡಿಯೋದ ಸೌಂಡ್ ಮಾಸ್ತರ ಹೋದ ವಾರ ಫೋನು ಮಾಡಿದ್ದ. “ದೊಡ್ಡಮ್ಮ, ಮೊದಲನೇ ಸರಣೀಲಿ ಒಂಬತ್ತು ಕಡೆ ಧೂಳಿದೆ. ಮಾತಿಗೇ ಅಂಟಿದೆ, ತೆಗೆಯೋಕಾಗಲ್ಲ, ಅಷ್ಟು ಮಾತು ಮತ್ತೆ ಹೇಳ್ಬೇಕು. ಹಲ್ಲು ಕಟ್ಟಿಸ್ಕೊಂಡು ಬನ್ನಿ, ಈಗ ನಿಮ್ಮ ಬಾಯಲ್ಲಿ ‘ಸ’ ಅಂದ್ರೆ ಸೈಕಲ್ ಗಾಳಿ ಹೋದ ಹಾಗೆ ಆಗುತ್ತೆ.” ಧೂಳು ಎಂದರೆ ಧೂಳೇ ಎಂದುಕೊಂಡಿದ್ದಳು; ಅವನು ಹೇಳಿದ್ದು ಈ ಪಿಸುಮಾತನ್ನೇ. ಮೊದಲ ಸರಣಿ ಟೀವಿಯಲ್ಲಿ ಬಂದಾಗ ಪಕ್ಕದ ಮನೆಯ ಗಲಾಟೆಯಲ್ಲಿ ನಿಂತು ನೋಡಿದ್ದು, ಪಿಸುಮಾತು ಎಲ್ಲಿ ಕೇಳಬೇಕು? ತಂಗಿ ಹೋದಮೇಲೆ ನೋಡುವ ಧೈರ್ಯವೇ ಆಗಿರಲಿಲ್ಲ. ತಂಗಿಯ ಫೋಟೋ ಎರಡಿದ್ದವು. ನರಿಮರಿಯ ಮಾತು ಬಿಟ್ಟರೆ ತಂಗಿಯದೇ ಆದ ಮಾತು ಎಲ್ಲೂ ಉಳಿದಿಲ್ಲವೆಂದೇ ಇಷ್ಟು ವರ್ಷ ಬದುಕಿದ್ದಳು. ಉಳಿದಿದೆ ಎಂದು ತಿಳಿದ ದಿನವೇ ಅದನ್ನು ಒರೆಸಲು ತನ್ನನ್ನೇ ಕರೆದಿದ್ದಾರೆಂದೂ ತಿಳಿಯಿತು.

ಅಪ್ಪನ ಕೈಲಿ ಇಬ್ಬರನ್ನು ಓದಿಸಲು ಆಗಿರಲಿಲ್ಲ. ದೊಡ್ಡವಳು ಎರಡನೇ ಇಯತ್ತೆಗೇ ಶಾಲೆ ಬಿಟ್ಟು, ಪಾಟಿ ಕೆಳಗಿಟ್ಟು ಮನೆ ಹಿಡಿದಳು, ಚಿಕ್ಕವಳು ಓದಿದಳು. ಮುಂದೆ ಚಿಕ್ಕವಳು ಸ್ಟುಡಿಯೋದಲ್ಲಿ ದನಿ ಕೊಡುವ ಕೆಲಸ ಹಿಡಿದು, ಅಕ್ಕನಿಗೆ ಅಲ್ಲಿಯೇ ಕಸ ಗುಡಿಸುವ ಕೆಲಸ ಕೊಡಿಸಿದಳು. ಒಂದು ದಿನ ಪೊರಕೆ ಹಿಡಿದೇ “ಲೇ, ಉಂಡ್ಯೇನೇ?” ಎಂದು ತಂಗಿಯನ್ನು ಕೂಗಿದಳು, ಅಷ್ಟೇ. “ಈ ಗಂಟಲು ಯಾರದು? ಬೂದಿಯಜ್ಜಿ ಸಿಕ್ಕಿದಳು!” ಎಂದು ಕುಣಿದಾಡಿದರು ಆಗಿನ ಡೈರೆಕ್ಟರು.

ಆದರೆ ಕಾಗದದ ಮೇಲಿನ ಅಕ್ಷರ ಆಕೆಯ ಕಣ್ಣಿಗೆ ಇರುವೆ ಸಾಲು. ಒಂದನ್ನು ಹಿಡಿಯುವುದರಲ್ಲಿ ಹತ್ತು ಹೋಗಿರುತ್ತಿದ್ದವು. ಆಗ ಒಂದೇ ಮೈಕು, ಸುತ್ತ ಆರು ಜನ. ತಂಗಿ ಬೆನ್ನ ಹಿಂದೆ ನಿಂತು ಮಾತಿನ ಮೊದಲನ್ನು, ಉದ್ದದ ಮಾತಾದರೆ ‘ಉಸಿರು ತಗೋ’ ಎಂದೂ ಪಿಸುಗುಟ್ಟಿ, ಬೆನ್ನಿಗೆ ಬೆರಳು ಒತ್ತುವಳು. ಬೆರಳು ತಾಗಿತೆಂದರೆ ಮಾತು ತಾನಾಗಿ ಹೊರಡುವುದು. ಎರಡನೆಯ ಸರಣಿಗೆ ಒಳ್ಳೆಯ ಮೈಕು ಬಂತು, ಒಳಗೆ ಇಬ್ಬಿಬ್ಬರೇ, ಪಿಸುಗುಟ್ಟಿದರೆ ಬೈಗುಳ. ತಂಗಿ ಹಿಂದಿನ ದಿನವೇ ಮನೆಯಲ್ಲಿ ಬಾಯಿಪಾಠ ಮಾಡಿಸಿ, ಸ್ಟುಡಿಯೋದಲ್ಲಿ ಬೆರಳು ಮಾತ್ರ ಒತ್ತುತ್ತಿದ್ದಳು. ಮೂರನೆಯದಕ್ಕೆ ಬೆರಳೂ ಇರಲಿಲ್ಲ. ಹೊಸದಾಗಿ ಬಂದ ಸೌಂಡ್ ಮಾಸ್ತರ ಗಾಜಿನ ಆಚೆಯಿಂದ ಕಿವಿಗೆ ಮಾತು ಹೇಳಿಕೊಡುತ್ತಿದ್ದ. ಪಾಪದವನು, ಒಳ್ಳೆಯವನೇ. ಆದರೆ ಬೆನ್ನು ತಣ್ಣಗಿರುತ್ತಿತ್ತು.

ಹೊಸ ಹಲ್ಲು ಕೂತ ಮಾರನೆಯ ದಿನ ದೊಡ್ಡಮ್ಮ ಸ್ಟುಡಿಯೋದ ಮೆಟ್ಟಿಲು ಹತ್ತಿದಳು. ಮಾಸ್ತರ ಕುರ್ಚಿ ಎಳೆದುಕೊಟ್ಟ.

“ಏನ್ ದೊಡ್ಡಮ್ಮ, ನಕ್ಕರೆ ಹೀರೋಯಿನ್ ಥರ ಕಾಣ್ತೀರಿ!”

“ನಗಿಸ್ಬೇಡ, ಬಿದ್ದೋಗ್ತವೆ,” ಎಂದಳು. ಆಮೇಲೆ ಅವನ ಮುಖ ನೋಡದೆ, “ಧೂಳು ಅಂದ್ಯಲ್ಲಪ್ಪ, ಅದು ನನ್ನ ತಂಗಿ,” ಎಂದಳು.

ಮಾಸ್ತರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪೂರಾ ಕೇಳಿದಮೇಲೆ ಅವನು ಮೇಜಿನ ಮೇಲಿದ್ದ ಪಟ್ಟಿಯನ್ನು ತಿರುಗಿಸಿ ಇಟ್ಟ.

“ನನಗೆ ಗೊತ್ತಿರಲಿಲ್ಲ ದೊಡ್ಡಮ್ಮ. ಆದ್ರೆ ಪಟ್ಟಿ ಮೇಲಿಂದ ಬಂದ್ಬಿಟ್ಟಿದೆ, ಒಂಬತ್ತು ತಪ್ಪು ಅಂತ. ನೀವು ಒಲ್ಲೆ ಅಂದ್ರೆ ಬೇರೆ ಯಾರ ಕೈಲಾದ್ರೂ ಹೇಳಿಸ್ತಾರೆ. ಆಗ ನಿಮ್ಮ ತಂಗೀನೂ ಇರಲ್ಲ, ನೀವೂ ಇರಲ್ಲ.”

ತಂಗಿ ಮಾತು ಎತ್ತಿಕೊಟ್ಟ ಜಾಗದಲ್ಲಿ ಯಾರೋ ಪರಕೀಯಳು ನಿಲ್ಲುವುದೇ? ದೊಡ್ಡಮ್ಮ ಎದ್ದು ಗಾಜಿನ ಒಳಗೆ ಹೋದಳು.

ಮಾಸ್ತರ ಕಿವಿಯಲ್ಲಿ ಹೇಳಿಕೊಟ್ಟ, ಆಕೆ ಹೇಳಿದಳು. ಒಂದು ಮುಗಿಯಿತು, ಎರಡು ಮುಗಿಯಿತು. ಪ್ರತಿ ಸಲ ಅವನು ಹೆಬ್ಬೆರಳು ಎತ್ತಿದಾಗಲೂ ತಂಗಿ ಅಷ್ಟಷ್ಟು ಹೋದಳು. ಇದೇ ಕೋಣೆ, ಇದೇ ನೆಲ, ಗುಡಿಸುವುದೂ ತಾನೇ. ಎಂಟು ಹಾಗೆ ಆದವು.

ಒಂಬತ್ತನೆಯದು ಉದ್ದದ ಮಾತು. ಬೂದಿಯಜ್ಜಿ ತನ್ನ ಬೆಂಕಿಯನ್ನು ನರಿಮರಿಗೆ ಕೊಟ್ಟು ಕಳಿಸುವಾಗ ಒಂದೇ ಉಸಿರಿನಲ್ಲಿ ಹೇಳಬೇಕು: ‘ಬೆಂಕಿ ನಿನಗೆ, ಬೂದಿ ಗುಡ್ಡಕ್ಕೆ, ಹೆಸರು ಗಾಳಿಗೆ, ಹಿಂದೆ ನೋಡದೆ ಓಡು ಮರಿ, ನಾನಿಲ್ಲೇ ನಿಂತು ನಿನ್ನ ಹೆಜ್ಜೆ ಎಣಿಸ್ತೀನಿ.’

‘ಓಡು ಮರಿ’ಗೆ ಬರುವಾಗ ಉಸಿರು ಮುಗಿಯಿತು. ಮತ್ತೆ ಹೇಳಿದಳು, ಮತ್ತೆ ಅಲ್ಲೇ. ನೀರು ಕುಡಿದು ಹೇಳಿದಳು, ನಿಂತು ಹೇಳಿದಳು, ಹಲ್ಲು ತೆಗೆದೂ ಹೇಳಿದಳು. ಬೇಕೆಂದು ಮಾಡಲಿಲ್ಲ, ಕೆಲಸದಲ್ಲಿ ಕಳ್ಳತನ ಆಕೆಗೆ ಗೊತ್ತಿಲ್ಲ.

“ಉಸಿರು ತಗೊಳ್ಳಿ ದೊಡ್ಡಮ್ಮ,” ಎಂದ ಮಾಸ್ತರ ಕಿವಿಯಲ್ಲಿ.

ತೆಗೆದುಕೊಂಡಳು. ಸಾಲಲಿಲ್ಲ. ಹನ್ನೊಂದನೆಯ ಸಲಕ್ಕೆ ಆಕೆ ಮೈಕಿನ ಕಂಬ ಹಿಡಿದು ನಿಂತುಬಿಟ್ಟಳು. “ಆಗಲ್ಲ ಕಣಪ್ಪ. ಹಳೇದು ಒಂದ್ಸಲ ಹಾಕು. ಎಲ್ಲಿ ಉಸಿರು ಹಿಡಿದಿದ್ದೆ ನೋಡ್ತೀನಿ.”

ಗಾಳಿಯ ಸದ್ದು ಬಂತು. ‘ಅಕ್ಕಾ, ಉಸಿರು ತಗೋ.’

ದೊಡ್ಡಮ್ಮನ ಬೆನ್ನು ತಾನಾಗಿ ನೆಟ್ಟಗಾಯಿತು. ಎದೆ ತುಂಬಿತು. ಕಿವಿಯಲ್ಲಿ ಆಗಿನ ತಾನು ಮಾತಾಡುತ್ತಿದ್ದರೆ ಈಗಿನ ತಾನೂ ಜೊತೆಗೆ ಹೇಳಿದಳು, ಬೆಂಕಿಯಿಂದ ಹೆಜ್ಜೆ ಎಣಿಸುವವರೆಗೆ, ಎಲ್ಲೂ ತಡೆಯದೆ. ಕೊನೆಗೆ ಇನ್ನೂ ಒಂದು ಹನಿ ಉಸಿರು ಮಿಕ್ಕಿತ್ತು.

ಗಾಜಿನ ಆಚೆ ಮಾಸ್ತರ ಹೆಬ್ಬೆರಳು ಎತ್ತಲಿಲ್ಲ. ತಲೆ ಬಗ್ಗಿಸಿ ಏನೋ ಗೀಚಿದ.

“ಒಂಬತ್ತನೇದು ಹಳೇದೇ ಇರ್ಲಿ ದೊಡ್ಡಮ್ಮ,” ಎಂದ. “ಧೂಳು ಹೋಗಲಿಲ್ಲ, ಕಲೆ ಬಿದ್ದಿದೆ ಅಂತ ಬರೀತೀನಿ. ಅದೊಂದಕ್ಕೆ ನನ್ನ ಕೆಲಸವೇನು ಹೋಗಲ್ಲ.”

“ಬೇರೆಯವರನ್ನ ಕರೆಸಲ್ಲ ತಾನೆ?”

“ಒಂದು ಮಾತಿಗೆ ಯಾರನ್ನ ಕರೆಸ್ತಾರೆ? ಹೋಗಿ, ಹಲ್ಲು ಹಾಕ್ಕೊಳ್ಳಿ ಮೊದಲು.”

ಎಂಟು ಹೋದವು, ಒಂದು ಉಳಿಯಿತು. ಮೆಟ್ಟಿಲು ಇಳಿಯುವಾಗ ಆಕೆ ಆ ಎಂಟರಲ್ಲಿ ತಂಗಿ ಏನೇನು ಪಿಸುಗುಟ್ಟಿದ್ದಳೆಂದು ನೆನಪು ಮಾಡಿಕೊಳ್ಳುತ್ತ ಇಳಿದಳು. ಎಂಟೂ ನೆನಪಿದ್ದವು. ಓದು ಬಾರದವಳಿಗೆ ದೇವರು ಕೊಟ್ಟದ್ದು ಅದೊಂದೇ.

ಹತ್ತು ದಿನದ ಮೇಲೆ ವಸಡು ಹುಣ್ಣಾಯಿತೆಂದು ಮತ್ತೆ ಡಾಕ್ಟರ ಕುರ್ಚಿಯಲ್ಲಿ ಕೂತಳು. ಅವರು ಹಲ್ಲಿನ ಕಟ್ಟನ್ನು ತೆಗೆದು ಸಣ್ಣ ಚಕ್ರಕ್ಕೆ ಹಿಡಿದು ಉಜ್ಜುತ್ತಿದ್ದರು.

“ಇವತ್ತು ಬಾಯಿ ಖಾಲಿ ಇದೆಯಲ್ಲ,” ಎಂದರು. “ಹೇಳಿಬಿಡಿ ದೊಡ್ಡಮ್ಮ. ನಮ್ಮ ಗುಂಪಿಗೆ ತೀರ್ಪು ಬೇಕು. ಯಾವುದು ಮೇಲು?”

ಹಲ್ಲಿಲ್ಲದ ಬಾಯಿಯಿಂದ ಮಾತು ಮೆತ್ತಗೆ ಬಂತು.

“ಮೊದಲನೇದರಲ್ಲಿ ರೂಮಲ್ಲಿ ಆರು ಜನ ಇದ್ವಿ. ಎರಡನೇದರಲ್ಲಿ ಇಬ್ಬರು. ಮೂರು, ನಾಲ್ಕರಲ್ಲಿ ನಾನೊಬ್ಬಳೇ.”

ಡಾಕ್ಟರು ಗುಂಡಿ ಆರಿಸಿದರು. ಚಕ್ರ ತಿರುಗಿ ತಿರುಗಿ ನಿಂತಿತು.

“ಸರಿ, ಆದ್ರೆ ಯಾವುದು ಮೇಲು ಅಂತ ಹೇಳ್ಲೇ ಇಲ್ವಲ್ಲ?”

“ಹೇಳಿದ್ನಲ್ಲ ಡಾಕ್ಟ್ರೇ,” ಎಂದು ದೊಡ್ಡಮ್ಮ ಬಾಯಿ ತೆರೆದಳು.