ಹಿಂಡದ ಮರಗೆಣಸು

ಮನಬಿ ಕರಾವಳಿಯ ಆ ಮೀನುಗಾರರ ಊರಿನಲ್ಲಿ ದಿಯೊಸೆಲಿನಾಳ ಕೊರ್ವಿಚೆಗೆ ಇಪ್ಪತ್ತೆರಡು ವರ್ಷ ಎದುರೇ ಇರಲಿಲ್ಲ. ತುರಿದ ಬಾಳೆಕಾಯಿಗೆ ಅರೆದ ಶೇಂಗಾ ಕಲಸಿ, ಒಳಗೆ ಮೀನು ತುಂಬಿ ಅವಳು ಕರಿಯತೊಡಗಿದರೆ ದೋಣಿ ಇಳಿದವರು ಮೊದಲು ಅವಳ ಹಿತ್ತಲಿಗೇ ಬರುತ್ತಿದ್ದರು. ಮೈದುನ ಬೆಟ್ಟದ ಸೀಮೆಯ ಎರ್ಲಿಂದಾಳನ್ನು ಮದುವೆಯಾಗಿ ಪಕ್ಕದಲ್ಲೇ ಮನೆ ಮಾಡಿದ ಮೇಲೆ ಗಾಳಿ ತಿರುಗಿತು.

ಎರ್ಲಿಂದಾ ಮಾಡುತ್ತಿದ್ದದ್ದು ಮುಚಿನ್. ಮರಗೆಣಸು ತುರಿದು, ನಡುವೆ ಚೀಸ್ ತುಂಡಿಟ್ಟು, ಅಂಗೈಯಲ್ಲಿ ಉದ್ದಕ್ಕೆ ತಿದ್ದಿ ಕರಿಯುವುದು. ಮೇಲೆ ಶೇಂಗಾ-ಮೆಕ್ಕೆಜೋಳದ ಪುಡಿ. ಅಷ್ಟೇ. ಆ 'ಅಷ್ಟೇ'ಗೆ ಓಣಿಯ ಮಕ್ಕಳು ಶಾಲೆ ಬಿಟ್ಟ ಕೂಡಲೇ ಅಲ್ಲಿ ಮುತ್ತುತ್ತಿದ್ದರು. ದಿಯೊಸೆಲಿನಾಳ ಸ್ವಂತ ಮಗಳೂ ಅಲ್ಲೇ.

"ಅಮ್ಮ, ಚಿಕ್ಕಮ್ಮಂದು ಎಷ್ಟು ಗರಿಗರಿ ಗೊತ್ತಾ!" ಎಂದಳು ಮಗಳು ಒಂದು ದಿನ, ತುಟಿಯ ಪುಡಿ ಒರೆಸಿಕೊಳ್ಳದೆ.

"ಹಂಗಾದ್ರೆ ಅಲ್ಲೇ ಹೋಗಿ ಇದ್ಬಿಡು," ಎಂದಳು ದಿಯೊಸೆಲಿನಾ. ಆ ದಿನ ಅವಳ ಕೊರ್ವಿಚೆಯಲ್ಲಿ ಒಂಬತ್ತು ಉಳಿದಿದ್ದವು. ಅವನ್ನು ನಾಯಿಗೆ ಹಾಕಿದಳೇ ಹೊರತು ಪಕ್ಕದ ಮನೆಗೆ ಕಳಿಸಲಿಲ್ಲ.

ಕೇಳಿ ಕಲಿಯುವುದೆಂದರೆ ಅವಳಿಗೆ ಸೋತಂತೆ. ಆದ್ದರಿಂದ ಬಟ್ಟೆ ಒಣಹಾಕುವ ನೆಪದಲ್ಲಿ ಬೇಲಿಯ ಬಳಿ ನಿಂತು ಎರ್ಲಿಂದಾಳ ಅಡುಗೆಮನೆಯ ಕಿಟಕಿಯತ್ತ ಕಣ್ಣು ನೆಟ್ಟಳು. ತುರಿದದ್ದು ಕಂಡಿತು, ಉಪ್ಪು ಹಾಕಿದ್ದು ಕಂಡಿತು, ಚೀಸ್ ಇಟ್ಟದ್ದು ಕಂಡಿತು. ನಡುವೆ ಎರ್ಲಿಂದಾ ಪಾತ್ರೆ ಎತ್ತಿಕೊಂಡು ಒಂದು ಗಳಿಗೆ ಒಳಗೆ ಹೋಗಿ ಬಂದಳು, ಅಷ್ಟೇ.

ಗುರುವಾರ ಬೆಳಿಗ್ಗೆ ಊರಿನ ರೇಡಿಯೋದಲ್ಲಿ ಮನೆ ತಿಂಡಿಯ ಕಾರ್ಯಕ್ರಮ. ದಿಯೊಸೆಲಿನಾ ಫೋನ್ ಮಾಡಿದಳು. "ಇದು ನಾನೇ ಕಂಡುಹಿಡಿದ ತಿಂಡಿ," ಎಂದು ಶುರುಮಾಡಿ ಮುಚಿನ್ ಮಾಡುವ ಬಗೆಯನ್ನು ಮೊದಲಿಂದ ಕೊನೆತನಕ ಹೇಳಿದಳು. ಫೋನ್ ಇಟ್ಟಾಗ ಒಳಗೊಳಗೇ ಅಳುಕಿತ್ತು, ಆದರೂ ಖುಷಿಯಾಗಿತ್ತು. ಪಕ್ಕದ ಮನೆಯಲ್ಲೂ ರೇಡಿಯೋ ಹಾಡುತ್ತಿದ್ದದ್ದು ಅವಳಿಗೆ ಕೇಳಿಸಿತ್ತು.

ಮಧ್ಯಾಹ್ನಕ್ಕೆ ಎದುರುಮನೆಯ ಓರ್ತೆನ್ಸಿಯಾ ಬಾಣಲೆ ಹಿಡಿದೇ ಬಂದಳು. ಹಿಂದೆ ಇನ್ನಿಬ್ಬರು.

"ಏನೇ ಇದು, ತಿಂಡಿನಾ ಗಂಜಿನಾ? ಎಣ್ಣೆಗೆ ಬಿಟ್ಟ ತಕ್ಷಣ ಒಡೆದು ಹರಡ್ಕೊಂಡ್ತು!"

"ನಮ್ಮನೇಲಂತೂ ಎಣ್ಣೆ ಹಾರಿ ಗಂಡನ ಕೈ ಸುಡ್ತು ಕಣೆ. ಚೆನ್ನಾಗಿ ಕಂಡುಹಿಡಿದಿದ್ದೀಯ!" ಎಂದಳು ಹಿಂದಿದ್ದವಳೊಬ್ಬಳು.

ದಿಯೊಸೆಲಿನಾಳ ಮುಖ ಕಾದ ಬಾಣಲೆಯಂತಾಯಿತು. "ನನ್ನದಲ್ಲ ಅದು! ಎರ್ಲಿಂದಾದು! ಅವಳೇ ಏನೋ ಬಚ್ಚಿಟ್ಟಿದ್ದಾಳೆ!" ಎಂದುಬಿಟ್ಟಳು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಓರ್ತೆನ್ಸಿಯಾ ಬಾಣಲೆಯನ್ನು ಸೊಂಟಕ್ಕೆ ಆನಿಸಿಕೊಂಡು, "ಓ, ಹಂಗೋ," ಎಂದಳು.

ದಿಯೊಸೆಲಿನಾ ಅವಮಾನವನ್ನೆಲ್ಲ ಸಿಟ್ಟಿಗೆ ತಿರುಗಿಸಿಕೊಂಡು ನೇರ ಪಕ್ಕದ ಮನೆಗೆ ನುಗ್ಗಿದಳು. ಎರ್ಲಿಂದಾ ಮರಗೆಣಸು ತುರಿಯುತ್ತಿದ್ದಳು. ಸೊಂಟ ಮುರಿದಾಗಿನಿಂದ ಚಿಕ್ಕ ಮಗನ ಮನೆಯಲ್ಲೇ ಇದ್ದ ಅತ್ತೆ ಫೆಲಿಸಿಯಾನಾ ಜೋಲಿಯಲ್ಲಿ ಒರಗಿದ್ದರು.

"ಏನೇ ಮುಚ್ಚಿಟ್ಟೆ? ಬೇಕಂತಲೇ ಒಳಗೆ ಹೋದೆ ಅಲ್ವಾ?"

"ಅಕ್ಕ, ನೀವು ನೋಡ್ತಿದ್ದೀರ ಅಂತಾನೇ ನಂಗೊತ್ತಿರ್ಲಿಲ್ಲ. ಬಟ್ಟೇಲಿ ಕಟ್ಟಿ ನೀರು ಹಿಂಡೋಕೆ ಒಳಗೆ ಹೋಗಿದ್ದೆ. ಹಿಂಡದಿದ್ರೆ ಒಡೆಯುತ್ತೆ," ಎಂದಳು ಎರ್ಲಿಂದಾ. "ರೇಡಿಯೋ ಕೇಳ್ದೆ. ನೀವು ನನ್ನನ್ನೇ ಕೇಳಿದ್ರೆ ಹೇಳ್ತಿದ್ನಲ್ಲ."

"ನಿಮ್ಮ ಬೆಟ್ಟದಲ್ಲಿ ಮರಗೆಣಸು ಎಲ್ಲಿ ಬೆಳೆಯುತ್ತೆ? ನಿಂಗೆ ಯಾರು ಹೇಳ್ಕೊಟ್ರು?"

"ನಾನು," ಎಂದರು ಫೆಲಿಸಿಯಾನಾ ಜೋಲಿಯಿಂದ.

ದಿಯೊಸೆಲಿನಾ ಜೋಲಿಯತ್ತ ತಿರುಗಿದಳು. ಓಣಿಯ ಮಕ್ಕಳೆಲ್ಲ ಎರ್ಲಿಂದಾಳ ಕಡೆ ಹೋದಾಗಲೂ ಅವಳಿಗೆ ಇಷ್ಟು ನೋವಾಗಿರಲಿಲ್ಲ. "ಇಪ್ಪತ್ತೆರಡು ವರ್ಷ ನಿಮ್ಮ ಸೊಸೆಯಾಗಿದ್ದೀನಿ ಅತ್ತೆ. ನನಗೆ ಒಂದು ದಿನಾನೂ ಹೇಳ್ಕೊಡ್ಲಿಲ್ಲ."

"ಬಂದ ದಿನಾನೇ ನನ್ನ ಕೈಯಿಂದ ತುರಿಮಣೆ ಕಿತ್ಕೊಂಡು, ನಂಗೆಲ್ಲ ಬರುತ್ತೆ, ನೀವು ಕೂತ್ಕೊಳ್ಳಿ ಅಂದೆ. ಕೂತ್ಕೊಂಡೆ. ಇವಳು ಬಂದು, ಅಮ್ಮ, ನಂಗೇನೂ ಬರಲ್ಲ ಅಂದ್ಲು."

ಎರ್ಲಿಂದಾ ತುರಿದ ಮರಗೆಣಸನ್ನು ಬಟ್ಟೆಗೆ ಸುರಿದು ಗಂಟಿನ ಒಂದು ತುದಿಯನ್ನು ಓರಗಿತ್ತಿಯ ಕಡೆ ಚಾಚಿದಳು. ದಿಯೊಸೆಲಿನಾ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹಿಡಿದು ತಿರುಚಿದಳು. ಬೆಳ್ಳನೆಯ ನೀರು ಬೋಗುಣಿಗೆ ಸುರಿಯಿತು.

ಮುಂದಿನ ಗುರುವಾರ ಅವಳು ರೇಡಿಯೋಗೆ ಫೋನ್ ಮಾಡಿ, ಹಿಂಡುವ ಮಾತು ಬಿಟ್ಟುಹೋಗಿತ್ತೆಂದೂ, ತಿಂಡಿ ಓರಗಿತ್ತಿಯದೆಂದೂ ಹೇಳಿದಳು. ಎರ್ಲಿಂದಾಳ ಹೆಸರನ್ನೂ ಹೇಳಿ, ಅವರು ಇನ್ನೊಂದು ಮಾತು ಕೇಳುವ ಮೊದಲೇ ಫೋನ್ ಇಟ್ಟಳು.

ಅಂದು ಸಂಜೆ ತಾನೇ ಕರಿದ ಮುಚಿನ್ ತಟ್ಟೆಯಲ್ಲಿಟ್ಟು ಅತ್ತೆಯ ಮುಂದೆ ಹಿಡಿದಳು. ಫೆಲಿಸಿಯಾನಾ ಒಂದು ಕಚ್ಚಿ, "ಚೆನ್ನಾಗಿದೆ," ಎಂದರು.

"ಅವಳದ್ದಕ್ಕಿಂತಾನಾ?"

ಅತ್ತೆ ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ಅಗಿಯುತ್ತಲೇ ಇದ್ದರು.