ರಜೆಯಲ್ಲಿ ತುಂಬಿದ ಬಸ್ಸು

ಬೇಸಿಗೆ ರಜೆ ಶುರುವಾದ ಮರುದಿನವೇ ಅಪ್ಪ ನಡುಮನೆಯ ಮೂಲೆ ಗುಡಿಸಿ, ಚಾಪೆ ಹಾಸಿ ಘೋಷಿಸಿದ: "ರಜೆ ಮುಗಿಯೋವರೆಗೂ ಬೆಳಿಗ್ಗೆ ನನ್ನನ್ನ ಯಾರೂ ಮಾತಾಡಿಸ್ಬೇಡಿ. ಪ್ರಾರ್ಥನೆಗೆ ಕೂರ್ತೀನಿ."

ಅಪ್ಪ ಶಾಲಾ ಬಸ್ಸಿನ ಡ್ರೈವರ್. ವರ್ಷವಿಡೀ ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಿದ್ದ. ಅವನ ಪ್ರಾರ್ಥನೆಯೆಲ್ಲ ಸಿಗ್ನಲ್ಲಿನ ಕೆಂಪು ದೀಪದ ಎದುರು. ದೀಪ ಹಸಿರಾದರೆ ದೇವರನ್ನು ಅರ್ಧಕ್ಕೇ ಬಿಟ್ಟು ಗೇರು ಹಾಕುತ್ತಿದ್ದ. ಆ ಅರೆಬರೆತನ ಅವನನ್ನು ಕೊರೆಯುತ್ತಿತ್ತು. ಒಂದು ಬೇಸಿಗೆಯಾದರೂ ನೆಟ್ಟಗೆ ಕೂರಬೇಕೆಂಬುದು ಅವನ ಹಟ.

ಕೂತ. ಮೊದಲ ದಿನ ಕೂತಲ್ಲೇ ನಿದ್ದೆ ಹೋದ. ಎರಡನೆಯ ದಿನ ಸೊಳ್ಳೆ ಹೊಡೆದ. ಆಮೇಲಾಮೇಲೆ ಕಣ್ಣು ಮುಚ್ಚಿಕೊಂಡೇ, "ಹಿತ್ತಲ ನಲ್ಲಿ ಸೋರ್ತಿದೆ ನೋಡೇ" ಅನ್ನತೊಡಗಿದ.

"ಋಷಿಗಳೇ, ಏಳಿ. ಟೀ ಆರಿ ತಣ್ಣಗಾಯ್ತು," ಎಂದಳು ಅಮ್ಮ.

ಹಾಸ್ಟೆಲಿನಿಂದ ರಜೆಗೆ ಬಂದಿದ್ದ ನಾನು ನಕ್ಕೆ. ಅಪ್ಪ ನಗಲಿಲ್ಲ. ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗಿದ್ದಾಗ ನನಗೊಬ್ಬಳಿಗೇ ಕೇಳುವಂತೆ ಅಂದ: "ಟೈಮಿಲ್ಲ, ಟೈಮಿಲ್ಲ ಅಂತಿದ್ದೆ. ಈಗ ಬೇಕಾದಷ್ಟಿದೆ, ಬಾಯಿಗೆ ಒಂದು ಮಾತು ಬರ್ತಿಲ್ಲ. ಇಷ್ಟು ವರ್ಷ ನಾನು ಮಾಡಿದ್ದು ಪ್ರಾರ್ಥನೆನೇ ಅಲ್ವೇನೋ ಮಗಳೇ."

ಹಾಸ್ಟೆಲಿನಲ್ಲಿದ್ದು ಪುಸ್ತಕ ಓದುವ ಮಗಳ ಬಳಿ ಎಲ್ಲಕ್ಕೂ ಉತ್ತರವಿರುತ್ತದೆಂದು ಅಪ್ಪ ನಂಬಿದ್ದ. ನಾನು ಎದ್ದು ಫ್ಯಾನು ಜೋರು ಮಾಡಿದೆ.

ರಜೆಯಲ್ಲಿ ಅಪ್ಪನಿಗಿದ್ದದ್ದು ಒಂದೇ ಕೆಲಸ. ನಿಂತಲ್ಲೇ ನಿಂತ ಬಸ್ಸಿನ ಬ್ಯಾಟರಿ ಸಾಯದಂತೆ ಆಗಾಗ ಶಾಲೆಗೆ ಹೋಗಿ ಎಂಜಿನ್ ಚಾಲೂ ಮಾಡಿ ಬರುವುದು. ಮರುದಿನ ಹಾಗೆ ಹೋದವನು ಬಿಸಿಲೇರಿದ ಮೇಲೆ ಸಿಳ್ಳೆ ಹಾಕುತ್ತ ಬಂದ.

"ಬಂತು ಕಣೇ!"

"ಏನು ಬಂತು? ಕೊತ್ತಂಬರಿ ಸೊಪ್ಪು ತರೋಕೆ ಹೇಳಿದ್ದೆ, ಅದು ಬಂತಾ?"

ಕೊತ್ತಂಬರಿ ಬಂದಿರಲಿಲ್ಲ. ಮರುದಿನವೂ ಹೋದ, ಅದರ ಮರುದಿನವೂ. ಅಮ್ಮನಿಗೆ ಅನುಮಾನ ಬಂತು. "ಬ್ಯಾಟರಿಗೆ ದಿನಾ ತುತ್ತು ತಿನ್ನಿಸ್ತಾರಾ? ನಡಿಯೇ, ನೋಡ್ಕೊಂಡು ಬರೋಣ."

ಶಾಲೆಯ ಹಿಂದೆ ಮರದ ನೆರಳಲ್ಲಿ ಬಸ್ಸು ಗುರುಗುಡುತ್ತ ನಿಂತಿತ್ತು. ಅಪ್ಪ ಸ್ಟಿಯರಿಂಗ್ ಹಿಡಿದು ಕೂತು, ತಲೆಯ ಮೇಲಿನ ಉದ್ದ ಕನ್ನಡಿಯನ್ನು ನೋಡುತ್ತಿದ್ದ. ತುಟಿ ಅಲ್ಲಾಡುತ್ತಿತ್ತು.

"ಯಾರ ಜೊತೆ ಮಾತು?" ಅಮ್ಮ ಮೆಟ್ಟಿಲು ಹತ್ತಿದಳು.

ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಅಪ್ಪ ತಡವರಿಸಿದ. "ಆ ಸೀಟಿನ ಹುಡುಗಿಗೆ ಉಬ್ಬಸ. ಉಸಿರು ಸಲೀಸಾಗ್ಲಿ ಅಂತೀನಿ. ಪಕ್ಕದವನು ಎಲ್ರನ್ನೂ ಕಚ್ತಾನೆ. ಹಲ್ಲು ಬಿದ್ಹೋಗ್ಲಿ ಅಂತ ಮಾತ್ರ ಬೇಡ್ಕೊಂಡಿಲ್ಲ. ಕನ್ನಡೀಲಿ ಸೀಟು ಕಂಡ್ರೆ ಮಾತು ತಾನಾಗೇ ಬರುತ್ತೆ. ಮನೇಲಿ ಎದುರಿಗೆ ಗೋಡೆ. ಗೋಡೆ ನೋಡ್ಕೊಂಡು ಏನು ಬೇಡ್ಲಿ?"

ಅಮ್ಮ ತಮಾಷೆ ಮಾಡುತ್ತಾಳೆಂದುಕೊಂಡೆ. ಅವಳು ಸೀಟುಗಳನ್ನೊಮ್ಮೆ ನೋಡಿ ಮುಂದಿನದರಲ್ಲಿ ಕೂತಳು.

"ಮಕ್ಕಳು ಹೇಗೂ ರಜೆಯಲ್ಲಿದ್ದಾರೆ. ಅತ್ತೇನ ಕಿಟಕಿ ಪಕ್ಕ ಕೂರಿಸಿ. ಮಂಡಿನೋವು, ಕಾಲು ಚಾಚೋಕೆ ಜಾಗ ಇರ್ಲಿ."

ಅಪ್ಪ ಕನ್ನಡಿ ನೋಡಿದ. ತುಟಿ ಅಲ್ಲಾಡಿತು. "ಕೂರಿಸ್ದೆ."

"ನನ್ನ ತಂಗಿ ತುಂಬು ಬಸುರಿ. ಗುಂಡಿ ಬಂದ್ರೆ ಎತ್ತಿಹಾಕಬಾರ್ದು."

"ಹಾಗಾದ್ರೆ ನಡುವಿನ ಸೀಟು."

ಅಷ್ಟರಲ್ಲಿ ವಾಚ್‌ಮನ್ ಬಂದು ಕಿಟಕಿ ತಟ್ಟಿದ. "ಡ್ರೈವರಣ್ಣ, ಡೀಸೆಲ್ ಏನು ಬಾವೀಲಿ ಸಿಗುತ್ತಾ?"

ಅಪ್ಪ ಗಡಬಡಿಸಿ ಎಂಜಿನ್ ಆರಿಸಿದ. ಗುರುಗುಡುವಿಕೆ ನಿಂತು ಮನೆಯಲ್ಲಿದ್ದಂಥದೇ ಮೌನ ಕವಿಯಿತು. ಅವನ ಮುಖ ಬಾಡಿತು. ಮೆಲ್ಲಗೆ ಕನ್ನಡಿಯತ್ತ ತಲೆಯೆತ್ತಿದ. ನಾವೂ ಕನ್ನಡಿ ನೋಡಿದೆವು.

ತುಟಿ ಅಲ್ಲಾಡಿತು.

"ಇದ್ದಾರೆ!" ಅಪ್ಪ ಸ್ಟಿಯರಿಂಗ್ ಬಡಿದು ನಕ್ಕ. "ಯಾರೂ ಇಳಿದಿಲ್ಲ!"

ವಾಚ್‌ಮನ್‌ಗೆ ಅಮ್ಮನೇ ವಿಷಯ ಬಿಡಿಸಿ ಹೇಳಿದಳು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ನನ್ನ ಮಗನಿಗೊಂದು ಸೀಟು ಸಿಗುತ್ತಾ? ಫೋನು ಎತ್ತಲ್ಲ, ಬಡವ."

"ಹತ್ತಿಸು, ಹತ್ತಿಸು."

ಆಗ ನನಗೆ ಬಾಯಿ ತಡೆಯಲಿಲ್ಲ. "ಚಿಕ್ಕಪ್ಪ?"

ನಡುಮನೆಯಲ್ಲಿ ಅಪ್ಪ ಚಾಪೆ ಹಾಸಿ ಎದುರು ಕೂರುತ್ತಿದ್ದ ಗೋಡೆ, ಮನೆ ಭಾಗವಾದಾಗ ಕಟ್ಟಿದ್ದು. ಅದರಾಚೆ ಚಿಕ್ಕಪ್ಪನಿದ್ದಾನೆ. ಗೋಡೆ ಎದ್ದ ಮೇಲೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ.

"ಅವನು ನಿಂತ್ಕೊಂಡೇ ಬರ್ಲಿ," ಎಂದ ಅಪ್ಪ.

"ಇಷ್ಟೊಂದು ಸೀಟು ಖಾಲಿ ಇಟ್ಕೊಂಡಾ?" ಎಂದಳು ಅಮ್ಮ.

ಅಪ್ಪ ಬಹಳ ಹೊತ್ತು ಕನ್ನಡಿ ನೋಡಿದ. "ಸರಿ, ಕಟ್ಟಕಡೆಯ ಸೀಟು. ಎತ್ತಿಹಾಕುತ್ತೆ, ಹಾಕ್ಲಿ."

ವಾಚ್‌ಮನ್ ಸಮೇತ ಎಲ್ಲರೂ ನಕ್ಕೆವು.

ಮರುದಿನ ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟುತ್ತಿದ್ದಾಗ ಗೋಡೆಯಾಚೆ ಚಿಕ್ಕಪ್ಪ ಕೆಮ್ಮಿದ. ಅಪ್ಪ ಒಂದು ಕ್ಷಣ ನಿಂತು ಕೇಳಿಸಿಕೊಂಡ.

"ಇವತ್ತು ಅವನನ್ನ ಒಂದು ಸೀಟು ಮುಂದೆ ತರ್ತೀನಿ," ಎಂದ ನನಗೆ. "ಹಿಂದೆ ಧೂಳು ಜಾಸ್ತಿ."